ಎಷ್ಟು ಮಾರು ನೀರು?

ನಮ್ಮ ಮನೆಯಲ್ಲಿ ನಾಲ್ಕು ಥರದ ನೀರಿದೆ. ಚಿತ್ರದುರ್ಗದಲ್ಲಿ ಇರುವವರಿಗೆ ಇದು ಹೊಸದಲ್ಲ. ನನಗೂ ಇದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಹೋದ ಬೇಸಿಗೆ ರಜೆಗೆ ತಂಗಿಯ ಮಗ ದಾವಣಗೆರೆಯಿಂದ ಬಂದಿದ್ದ. ಆಟ ಆಡಿ ಬೆವೆತು ಬಂದವನು ಸೀದಾ ಹಿತ್ತಲ ನಲ್ಲಿಗೆ ಬಾಯಿ ಇಟ್ಟ. ನಾನು ಅಡುಗೆಮನೆಯಿಂದಲೇ ಕೂಗಿದೆ. "ಅದು ಬೋರ್ ನೀರು ಕಣೋ, ಕುಡೀಬೇಡ!" ಪಾಪ, ಹೆದರಿ ಹಿಂದೆ ಸರಿದ. ಆಮೇಲೆ ಮನೆಯೆಲ್ಲ ಸುತ್ತಿ ಒಂದೊಂದನ್ನೇ ಕೇಳಿದ. ಸಂಪಿನಲ್ಲಿರೋದು ಯಾವ ನೀರು ದೊಡ್ಡಮ್ಮ? ಅದು ನಲ್ಲಿ ನೀರು, ನಾಲ್ಕೈದು ದಿನಕ್ಕೊಮ್ಮೆ ಬರುತ್ತೆ, ಅಡುಗೆಗೆ. ಈ ಕ್ಯಾನ್? ಅದು ಘಟಕದಿಂದ ತಂದ ಫಿಲ್ಟರ್ ನೀರು, ಕುಡಿಯೋಕೆ. ಆ ಡ್ರಮ್ಮು? ಮಳೆ ನೀರು, ಗಿಡಕ್ಕೆ. ಬೋರ್ ನೀರು ಬಟ್ಟೆಗೆ, ಬಚ್ಚಲಿಗೆ.

ಅವನು ಸುಮ್ಮನಾಗಲಿಲ್ಲ. "ಬೋರ್ ಎಷ್ಟು ಆಳ ಇದೆ?" ಅಂದ. 480 ಅಡಿ ಅಂದೆ. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಮನೆಯ ಸೈಟ್ ಅಳತೆ ಹೇಳಿದ ಹಾಗೆ. ಅವನು ಒಂದು ಗಳಿಗೆ ಯೋಚನೆ ಮಾಡಿ ಕೇಳಿದ. "ಅದು ತೂತಿನ ಉದ್ದ ಅಲ್ವಾ? ಒಳಗೆ ನೀರು ಎಷ್ಟಿದೆ?"

ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಆ ನೀರು ಬಳಸುತ್ತಿದ್ದೇನೆ. ಒಮ್ಮೆಯೂ ಅದರ ಮಟ್ಟ ಎಲ್ಲಿದೆ ಅಂತ ನೋಡಿಲ್ಲ, ನೋಡಬೇಕು ಅಂತಲೂ ಅನ್ನಿಸಿಲ್ಲ. ಸ್ವಿಚ್ ಒತ್ತಿದರೆ ಬರುತ್ತೆ, ಬರದೇ ಇದ್ದ ದಿನ ಇಲ್ಲ ಅಂತ ಗೊತ್ತಾಗುತ್ತೆ. ಇವೆರಡರ ನಡುವೆ ಏನಿದೆ ಅನ್ನೋದು ನನಗೆ ಕತ್ತಲೆ. ಅವತ್ತಿನಿಂದ ಆ ಹುಡುಗನ ಪ್ರಶ್ನೆ ಮನಸ್ಸಿನಲ್ಲೇ ಕೂತಿದೆ.

ಅಜ್ಜಿಯ ಹಗ್ಗ

ನಮ್ಮ ಹಳ್ಳಿ ಹೊಳಲ್ಕೆರೆ ಕಡೆ. ಮನೆ ಹಿಂದೆ ಒಂದು ಸೇದೋ ಬಾವಿ ಇತ್ತು. ನಲವತ್ತು ಅಡಿ ಇದ್ದಿರಬಹುದು, ಸುತ್ತ ಕಲ್ಲು ಕಟ್ಟಿದ್ದರು. ಅಜ್ಜಿ ಬೆಳಿಗ್ಗೆ ಎದ್ದು ಮೊದಲ ಕೊಡ ಇಳಿಸುವಾಗ ಅಡಿಯ ಲೆಕ್ಕ ಹೇಳುತ್ತಿರಲಿಲ್ಲ, ಮಾರಿನ ಲೆಕ್ಕ ಹೇಳುತ್ತಿದ್ದಳು. ಎರಡೂ ಕೈ ಚಾಚಿದರೆ ಒಂದು ಮಾರು. "ಮೂರು ಮಾರಿಗೆ ನೀರೈತೆ" ಅಂದರೆ ಆ ದಿನ ಧಾರಾಳ. ದನಕ್ಕೂ ಉಂಟು, ಬಟ್ಟೆಗೂ ಉಂಟು. "ಐದು ಮಾರಿಗೆ ಹೋತು" ಅಂದರೆ ಅವತ್ತಿನಿಂದ ಪಾತ್ರೆ ತೊಳೆದ ನೀರು ನುಗ್ಗೆ ಗಿಡಕ್ಕೆ, ಸ್ನಾನ ಎರಡು ದಿನಕ್ಕೊಮ್ಮೆ, ಬಟ್ಟೆ ಒಗೆಯೋದು ಕೆರೆಗೆ. ಯಾರೂ ಯಾರಿಗೂ ಪಾಠ ಮಾಡುತ್ತಿರಲಿಲ್ಲ. ಹಗ್ಗ ಅಜ್ಜಿಯ ಕೈಯಲ್ಲೇ ಇತ್ತು. ನೀರು ಕೆಳಗೆ ಹೋದಷ್ಟೂ ಅವಳ ರಟ್ಟೆ ನೋಯುತ್ತಿತ್ತು. ನೀರು ಕಡಿಮೆಯಾದರೆ ಅದು ಮೈಗೇ ಗೊತ್ತಾಗುತ್ತಿತ್ತು.

ಈಗ ಯಾರಾದರೂ ಬೋರ್ ಹಾಕಿಸಿದರೆ ನಾವು ಕೇಳೋದು ಒಂದೇ ಮಾತು, ಎಷ್ಟು ಅಡಿ ಹೊಡೆಸಿದಿರಿ ಅಂತ. ಏಳ್ನೂರು, ಒಂಬೈನೂರು, ಸಾವಿರದ ಇನ್ನೂರು. ಅದು ನೀರಿನ ಅಳತೆ ಅಲ್ಲ. ನಮ್ಮ ದುಡ್ಡು ಎಲ್ಲಿಯವರೆಗೆ ಹೋಯಿತು ಅನ್ನೋದರ ಅಳತೆ. ಅಜ್ಜಿಯ ಮಾರು ಮತ್ತು ನಮ್ಮ ಅಡಿ ಎರಡೂ ಆಳದ ಲೆಕ್ಕವೇ. ಆದರೆ ಅವಳು ಅಳೆದದ್ದು ನೀರನ್ನು, ನಾವು ಅಳೆಯುತ್ತಿರೋದು ತೂತನ್ನು. ನನಗೆ ಇಲ್ಲೇ ಎಲ್ಲೋ ನಾವು ದಾರಿ ತಪ್ಪಿದೆವು ಅನ್ನಿಸುತ್ತೆ.

ಆ ಬಾವಿಗೆ ನಲವತ್ತು ಅಡಿಯಲ್ಲೇ ಹೇಗೆ ನೀರು ಸಿಗುತ್ತಿತ್ತು? ನಮ್ಮ ನೆಲವನ್ನು ಮೇಲಿನಿಂದ ನೋಡಿಕೊಂಡು ಹೋದರೆ ಮೊದಲು ಮಣ್ಣು. ಆಮೇಲೆ ಗರಸು, ಕೊಳೆತ ಕಲ್ಲು, ಕೈಯಲ್ಲಿ ಹಿಚುಕಿದರೆ ಪುಡಿಯಾಗೋ ಅಂಥದ್ದು. ಅದರ ಕೆಳಗೆ ಗಟ್ಟಿ ಬಂಡೆ. ಮಳೆ ನೀರು ಇಳಿದು ನಿಲ್ಲೋ ಜಾಗ ಮುಖ್ಯವಾಗಿ ಆ ಕೊಳೆತ ಕಲ್ಲಿನ ಪದರ. ಅದೇ ನಮ್ಮ ಉಗ್ರಾಣ. ಕೆಳಗಿನ ಬಂಡೆಯಲ್ಲಿ ನೀರು ಇರೋದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಕಡಿಮೆಯಾಗುತ್ತವೆ. ಪಾತಾಳಗಂಗೆ ಅಂತೀವಲ್ಲ, ಕೆಳಗೆಲ್ಲೋ ಒಂದು ಹೊಳೆ ಹರಿಯುತ್ತಿದೆ, ಅಲ್ಲಿ ತನಕ ಹೋದರೆ ಸಾಕು ಅಂತ, ನಮ್ಮ ಕಡೆಯ ಕಲ್ಲಿನಲ್ಲಿ ಹಾಗೆ ಯಾವ ಹೊಳೆಯೂ ಇಲ್ಲ. ನಾವು ಉಗ್ರಾಣ ಖಾಲಿ ಮಾಡಿ, ಈಗ ಗೋಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಕಾಳು ಆರಿಸುತ್ತಿದ್ದೇವೆ.

ಮೂವತ್ತೆರಡನೇ ರಾಡು

ನಾನು ಡಿಗ್ರಿ ಮುಗಿಸಿದ ವರ್ಷ. ಶೇಂಗಾ ಬಿತ್ತುತ್ತಿದ್ದ ಹೊಲಕ್ಕೆ ಅಪ್ಪ ಅಡಿಕೆ ಹಾಕಿ ಆರು ವರ್ಷ ಆಗಿತ್ತು. ಹೊಂಬಾಳೆ ಬಿಡೋ ಹೊತ್ತಿಗೆ ಬೋರ್ ನಿಂತಿತು. ಗರಿ ಜೋತು ಬೀಳೋದನ್ನು ನೋಡೋಕೆ ಆಗುತ್ತಿರಲಿಲ್ಲ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋಗೋದನ್ನೇ ಬಿಟ್ಟಿದ್ದರು. ಅವ್ವ ಬಳೆ ಬಿಚ್ಚಿ ಕೊಟ್ಟಳು, ಅಡವಿಟ್ಟು ದುಡ್ಡು ತಂದರು. ಪಾಯಿಂಟ್ ಮಾಡೋರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. ಅಲ್ಲಿ ಒಂದು ಕಲ್ಲು ನೆಟ್ಟೆವು.

ಬೋರ್ ಕೊರೆಯೋ ಲಾರಿ ಬಂದದ್ದು ರಾತ್ರಿ ಒಂಬತ್ತಕ್ಕೆ. ಪೂಜೆ ಮಾಡಿ, ಕರ್ಪೂರ ಹಚ್ಚಿ, ಕಾಯಿ ಒಡೆದು ಶುರು ಮಾಡಿದರು. ಆ ಸದ್ದು ಹೇಗಿರುತ್ತೆ ಅಂತ ನಿಮಗೆ ಗೊತ್ತು. ಮಾತು ಕೇಳಲ್ಲ, ಎದೆಯೊಳಗೇ ಹೊಡೆದ ಹಾಗಿರುತ್ತೆ. ಗಟ್ಟಿ ಕಲ್ಲು ಸಿಗೋವರೆಗೂ, ಮಣ್ಣು ಕುಸಿಯದ ಹಾಗೆ ಕೇಸಿಂಗ್ ಪೈಪ್ ಇಳಿಸಿದರು. ಆಮೇಲೆ ಬರೀ ಬೂದಿ ಬಣ್ಣದ ಧೂಳು. ನಮ್ಮ ತಲೆ, ಹುಬ್ಬು, ಅಡಿಕೆ ಗರಿ ಎಲ್ಲ ಬೆಳ್ಳಗಾಯಿತು. ಒಂದು ರಾಡು 20 ಅಡಿ. ಅಪ್ಪ ನೆಲದ ಮೇಲೆ ಕಡ್ಡಿಯಲ್ಲಿ ಗೀಟು ಹಾಕುತ್ತಾ ಕೂತಿದ್ದರು. ಹದಿನೈದು. ಇಪ್ಪತ್ತು. ಇಷ್ಟಡಿ ದಾಟಿದರೆ ರೇಟ್ ಬೇರೆ ಅಂತ ಲಾರಿಯವರು ಮೊದಲೇ ಹೇಳಿದ್ದರು. ಇಪ್ಪತ್ತೈದಕ್ಕೆ ಅಪ್ಪ ನಿಲ್ಲಿಸೋಣ ಅಂದರು, ಅವ್ವ ಬೇಡ ಅಂದಳು. ಇಲ್ಲಿಗೇ ಬಿಟ್ಟರೆ ಹಾಕಿದ್ದೂ ಹೋಯಿತಲ್ಲ ಅಂತ. ಆ ಮಾತಿಗೆ ಎಷ್ಟು ಮನೆ ಮುಳುಗಿವೆಯೋ ಏನೋ. ಆದರೆ ಆ ಜಾಗದಲ್ಲಿ ಆ ಹೊತ್ತಿನಲ್ಲಿ ನಿಂತವರಿಗೆ ಬೇರೆ ಮಾತು ಹೊಳೆಯೋದಿಲ್ಲ.

ಮೂವತ್ತೆರಡನೇ ರಾಡಿಗೆ ಧೂಳು ನಿಂತಿತು. ಹಸಿ ವಾಸನೆ ಬಂತು. ಆಮೇಲೆ ಕೆಸರು, ಆಮೇಲೆ ನೀರು, ಲೈಟಿನ ಬೆಳಕಿನಲ್ಲಿ ಮೇಲಕ್ಕೆ ಚಿಮ್ಮಿ ನಮ್ಮ ಮೇಲೆಲ್ಲ ಬಿತ್ತು. 640 ಅಡಿಗೆ ಎರಡು ಇಂಚು ನೀರು, ಬೋರಿನ ಹರಿವನ್ನು ನಾವು ಇಂಚಿನಲ್ಲೇ ಹೇಳೋದು. ಅವ್ವ ಅಳುತ್ತಾ ನಗುತ್ತಿದ್ದಳು. ಅಪ್ಪ ಆ ಕೆಸರನ್ನೇ ಕೈಯಲ್ಲಿ ಹಿಡಿದು ಹಣೆಗೆ ಹಚ್ಚಿಕೊಂಡರು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ರಾತ್ರಿ ತುಂಬಾ ಇಲ್ಲ.

ಹನ್ನೊಂದನೇ ದಿನ ಸಂಜೆ ಚಿಕ್ಕಪ್ಪ ಬಂದು ಜಗಲಿ ಮೇಲೆ ಕೂತರು. ಅವರ ತೋಟ ನಮ್ಮದಕ್ಕೆ ಒತ್ತಿಕೊಂಡೇ ಇದೆ. ಕಾಫಿ ಕುಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ಅಂದರು, "ನಿಂದಕ್ಕೆ ಬಂತು, ನಂದು ನಿಂತೋತು ಕಣಣ್ಣ." ಸಿಟ್ಟು ಇರಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು ಅಂತ ಅಪ್ಪ ಈಗಲೂ ಹೇಳುತ್ತಾರೆ. ಅವರ ಬೋರ್ 400 ಅಡಿ. ಒಂದೇ ಬಿರುಕಿನ ಜಾಲಕ್ಕೆ ಎರಡು ತೂತು ಹಾಕಿದ್ದೆವು, ನಮ್ಮದು ಕೆಳಗಿತ್ತು, ಅಷ್ಟೇ. ನಾವು ಹೊಸ ನೀರು ಹುಟ್ಟಿಸಿರಲಿಲ್ಲ. ತಮ್ಮನ ಪಾಲಿನದನ್ನು ಅಣ್ಣ ಎಳೆದುಕೊಂಡಿದ್ದ. ಆ ಬೇಸಿಗೆಗೆ ಅಪ್ಪ ಅವರ ತೋಟಕ್ಕೂ ಪೈಪ್ ಎಳೆದು ರಾತ್ರಿ ಪಾಳಿ ಕೊಟ್ಟರು. ಮುಂದಿನ ವರ್ಷ ಚಿಕ್ಕಪ್ಪ 800 ಅಡಿ ಹೊಡೆಸಿದರು. ಅದರ ಮುಂದಿನ ವರ್ಷ ನಮ್ಮದು ಒಂದು ಇಂಚಿಗೆ ಇಳಿಯಿತು.

ಇದನ್ನು ನಾನು ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂತ ಇಟ್ಟುಕೊಳ್ಳಿ. ಗಟ್ಟಿ ಕಲ್ಲಿನ ಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲು ನೆಲಕ್ಕೆ ಇಳಿದರೆ ಅದೇ ದೊಡ್ಡದು. ಅಂದರೆ 50 ಮಿಲಿಮೀಟರ್. ಒಂದು ಎಕರೆಗೆ ಸುಮಾರು 2 ಲಕ್ಷ ಲೀಟರ್. ಕೇಳೋಕೆ ಜಾಸ್ತಿ ಅನ್ನಿಸುತ್ತೆ. ಆದರೆ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ, ಎಕರೆಗೆ 500 ಮರ ಅಂದರೆ ದಿನಕ್ಕೆ 10 ಸಾವಿರ ಲೀಟರ್. ನಾಲ್ಕು ತಿಂಗಳಿಗೆ 12 ಲಕ್ಷ. ಅಂದರೆ ನಮ್ಮ ಒಂದು ಎಕರೆ ಅಡಿಕೆ ಆರು ಎಕರೆಯ ಮಳೆಯ ಪಾಲನ್ನು ಕುಡಿಯುತ್ತಿತ್ತು. ಉಳಿದ ಐದು ಎಕರೆ ಯಾರದ್ದು? ಚಿಕ್ಕಪ್ಪನದ್ದು, ಆಚೆಯವರದ್ದು, ಗೋಮಾಳದ್ದು, ಕೆರೆಯದ್ದು. ಈ ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಕಲ್ಲಿನ ನೆಲದಲ್ಲಿ ನೀರು ನಿಲ್ಲೋ ಜಾಗ ತುಂಬಾ ಕಡಿಮೆ, ನೂರು ಪಾಲಿನಲ್ಲಿ ಎರಡು ಪಾಲು ಅಂತ ಹಿಡಿಯಬಹುದು. ಹಾಗಾಗಿ ಒಂದು ವರ್ಷದ ಮಳೆ, ನೆಲದೊಳಗಿನ ನೀರಿನ ಮಟ್ಟವನ್ನು ಎರಡೂವರೆ ಮೀಟರ್ ಮೇಲೆತ್ತಬಲ್ಲದು. ಎಂಟು ಅಡಿ. ಅಜ್ಜಿಯ ಲೆಕ್ಕದಲ್ಲಿ ಒಂದು ಮಾರಿಗಿಂತ ಸ್ವಲ್ಪ ಜಾಸ್ತಿ. ಅಷ್ಟೇ ನಮ್ಮ ವರ್ಷದ ಸಂಬಳ. ಅಜ್ಜಿ ಬದುಕಿದ್ದು ಆ ಒಂದೆರಡು ಮಾರು ಏರಿ ಇಳಿಯೋದರೊಳಗೆ. ನಾವು ನೂರು ಮಾರು ಕೆಳಗೆ ಹೋಗಿ ಹುಡುಕುತ್ತಿದ್ದೇವೆ.

ಬಾಯಿ ಮುಚ್ಚಿಕೊಂಡು ನಗೋದು

ಅತ್ತೆಯನ್ನು ಕೊಟ್ಟದ್ದು ಜಗಳೂರು ಕಡೆಗೆ. ಜಗಳೂರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಅದಕ್ಕೂ ಮೊದಲು ನಮ್ಮ ಜಿಲ್ಲೆಯೇ. ಚಿಕ್ಕವಳಿದ್ದಾಗ ಅಲ್ಲಿಗೆ ಹೋದರೆ ಅತ್ತೆಯ ಮಗಳು ನಗುವಾಗೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ಗೆಳತಿಯರೂ ಹಾಗೆಯೇ. ನಾಚಿಕೆ ಅಂದುಕೊಂಡಿದ್ದೆ. ಆ ಊರಿನ ಹುಡುಗಿಯರು ಎಷ್ಟು ನಯ ಅಂತ ಅವ್ವನಿಗೆ ಹೇಳಿದ್ದೂ ನೆನಪಿದೆ. ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಅದಕ್ಕೆ ಮುಚ್ಚಿಕೊಳ್ಳುತ್ತಿದ್ದರು ಅಂತ ತಿಳಿದದ್ದು ವರ್ಷಗಳ ಮೇಲೆ.

ಆ ಗೆರೆಗಳಿಗೆ ಕಾರಣ ಬೋರ್ ನೀರಿನಲ್ಲಿದ್ದ ಫ್ಲೋರೈಡ್. ಅದು ಯಾರೋ ತಂದು ಹಾಕಿದ ವಿಷ ಅಲ್ಲ. ಕಲ್ಲಿನೊಳಗೇ ಇರುತ್ತೆ. ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚು ಕರಗಿ ಸೇರುತ್ತೆ. ಮೇಲಿನ ಬಾವಿಯ ನೀರು ಹೋದ ಮಳೆಗಾಲದ್ದು. ಆಳದ ಬಿರುಕಿನ ನೀರು ಅದಕ್ಕಿಂತ ಎಷ್ಟೋ ಹಳೆಯದು. ಹಾಗಾಗಿ ಆಳಕ್ಕೆ ಹೋದ ಹಾಗೆ ನೀರು ಕಡಿಮೆ ಆಗೋದು ಮಾತ್ರ ಅಲ್ಲ, ಬೇರೆಯದೇ ನೀರಾಗುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ. ಅದು ಮೀರಿದ ನೀರನ್ನು ಚಿಕ್ಕ ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಬರುತ್ತೆ. ಇನ್ನೂ ಜಾಸ್ತಿ ಇದ್ದು ಇನ್ನೂ ಹೆಚ್ಚು ಕಾಲ ಕುಡಿದರೆ ಮೂಳೆಗೆ, ಕೀಲಿಗೆ. ಕಾಯಿಸಿದರೆ ಹೋಗಲ್ಲ. ಅತ್ತೆ ನಂಬಿದ್ದಳು, ಕುದಿಸಿ ಆರಿಸಿ ಕೊಟ್ಟರೆ ಎಲ್ಲ ಹೋಗುತ್ತೆ ಅಂತ. ಕುದಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಅಲ್ಲೇ ಉಳಿಯುತ್ತೆ. ಅಷ್ಟು ಪ್ರೀತಿಯಿಂದ ಕಾಯಿಸಿದ ನೀರು.

ಈಗ ಊರೂರಿಗೆ ಘಟಕ ಬಂದಿವೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಅತ್ತೆಯ ಮೊಮ್ಮಗಳು ಬಾಯಿ ತುಂಬಾ ನಗುತ್ತಾಳೆ, ಅದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತೆ. ಘಟಕ ಬೇಡ ಅನ್ನುವ ಮಾತು ನನ್ನದಲ್ಲ. ಆದರೆ ಆ ಯಂತ್ರವೂ ಬೋರಿನಿಂದಲೇ ಎತ್ತುತ್ತೆ, ಎತ್ತಿದ್ದರಲ್ಲಿ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತೆ. ಬೋರ್ ಬತ್ತಿದ ದಿನ ನಾಣ್ಯ ಕೈಯಲ್ಲೇ ಉಳಿಯುತ್ತೆ.

ನಲ್ಲಿಯ ಹಿಂದೆ

ಪೇಟೆಯವರಿಗೆ ಹೊಳೆ ನೀರು ಇದೆಯಲ್ಲ ಅಂತ ಹಳ್ಳಿಯವರು ಅನ್ನುತ್ತಾರೆ. ಹೌದು. ದುರ್ಗದ ನಲ್ಲಿಗೆ ನೀರು ಬರೋದು ವಾಣಿವಿಲಾಸ ಸಾಗರದಿಂದ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ತಂಗಿಗೆ ದಾವಣಗೆರೆಯಲ್ಲಿ ರಾಜನಹಳ್ಳಿ ಹತ್ತಿರ ಎತ್ತಿದ ತುಂಗಭದ್ರೆ ಬರುತ್ತೆ, ಭದ್ರಾ ನಾಲೆಯಿಂದ ತುಂಬಿಸಿದ ಕುಂದವಾಡ ಕೆರೆಯೂ ಇದೆ. ವಾಣಿವಿಲಾಸದ ಕಟ್ಟೆ 1907ರಲ್ಲಿ ಮುಗಿಯಿತು. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ. ಅವತ್ತು ಆ ಕಟ್ಟೆ ಇರೋ ಮಾರಿಕಣಿವೆಗೆ ಜನ ಜಾತ್ರೆಗೆ ಹೋದ ಹಾಗೆ ಹೋದರು, ನಾನೂ ಹೋಗಿದ್ದೆ. ಬಾಗಿನ ಹಿಡಿದುಕೊಂಡ ಹೆಂಗಸರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಗಂಡಸರು. ನನ್ನ ಪಕ್ಕ ನಿಂತಿದ್ದ ಒಬ್ಬ ಅಜ್ಜ ಮಾತಾಡದೆ ಕೈಮುಗಿದೇ ನಿಂತಿದ್ದರು, ಬಸ್ ಹೊರಡೋವರೆಗೂ.

ಆ ನೀರಿನಲ್ಲಿ, ಕಟ್ಟೆಗೆ ಬರೋ ವೇದಾವತಿ ಹೊಳೆಯ ಜೊತೆ ಭದ್ರೆಯೂ ಇದೆ. ಭದ್ರೆಯಿಂದ ಪಂಪ್ ಮಾಡಿ ಎತ್ತಿ, ಅಜ್ಜಂಪುರದ ಹತ್ತಿರ ಸುರಂಗ ಹಾಯಿಸಿ ವೇದಾವತಿಗೆ ಬಿಡೋದು ಅದಕ್ಕೂ ಮುಂಚೆಯೇ ಶುರುವಾಗಿತ್ತು. ಅಂದರೆ ನಮ್ಮ ಸಂಪಿನಲ್ಲಿ ಪಶ್ಚಿಮ ಘಟ್ಟದ ಮಳೆಯೂ ಇದೆ. ನಾವು ಅಲ್ಲಿಯವರಿಗೆ ಋಣಿ. ಆದರೆ ದೂರದ ನೀರು ಬಂದ ಮೇಲೆ ಒಂದು ನಷ್ಟವೂ ಆಯಿತು ಅಂತ ನನಗೆ ಅನ್ನಿಸುತ್ತೆ. ನಮ್ಮ ಬೀದಿಯ ಬಾವಿಯನ್ನು ಕಸ ಹಾಕಿ ಮುಚ್ಚಿದ್ದು ನಲ್ಲಿ ಬಂದ ಮೇಲೆ. ಹೊಳಲ್ಕೆರೆ, ಚಳ್ಳಕೆರೆ, ದಾವಣಗೆರೆ, ಊರಿನ ಹೆಸರಲ್ಲೇ ಕೆರೆ ಇಟ್ಟುಕೊಂಡ ಸೀಮೆ ನಮ್ಮದು. ಮಳೆ ಕಡಿಮೆ ಬೀಳೋ ಕಡೆ ಬಿದ್ದಿದ್ದನ್ನು ಹಿಡಿಯೋದೇ ಬದುಕು ಅಂತ ಗೊತ್ತಿದ್ದವರು ಇಟ್ಟ ಹೆಸರು ಅವು.

ಕೋಟೆಗೆ ನೆಂಟರನ್ನು ಕರೆದುಕೊಂಡು ಹೋದಾಗ ಎಲ್ಲರೂ ಓಬವ್ವನ ಕಿಂಡಿ ಕೇಳುತ್ತಾರೆ. ನಾನು ಈ ಸಲ ತಂಗಿಯ ಮಗನಿಗೆ ಹೊಂಡ ತೋರಿಸಿದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚಾದದ್ದು ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಆಮೇಲೆ ಊರೊಳಗಿನ ಸಂತೆ ಹೊಂಡಕ್ಕೆ. ಬರೀ ಬಂಡೆಯ ಬೆಟ್ಟ, ಅದರ ಮೇಲೆ ಬಿದ್ದ ಮಳೆಯನ್ನು ಒಂದರಿಂದ ಒಂದಕ್ಕೆ ಕೈ ದಾಟಿಸಿದ ಹಾಗೆ ಇಳಿಸಿದ್ದಾರೆ. ಹುಡುಗ ಸಿಹಿನೀರು ಹೊಂಡದ ಮೆಟ್ಟಿಲ ಮೇಲೆ ಕೂತು ನೀರಿನವರೆಗೆ ಎಣಿಸತೊಡಗಿದ. "ಇಲ್ಲಾದರೆ ಎಷ್ಟಿದೆ ಅಂತ ಕಾಣುತ್ತೆ" ಅಂದ. ಕೊಡ ಹಿಡಿದು ಬಂದ ಪ್ರತಿ ಹೆಂಗಸಿಗೂ ನಿನ್ನೆ ಎಷ್ಟು ಮೆಟ್ಟಿಲು, ಇವತ್ತು ಎಷ್ಟು ಅಂತ ಗೊತ್ತಾಗುತ್ತಿತ್ತು. ಇಡೀ ಊರಿನ ಖಾತೆ ಪುಸ್ತಕ ಬಿಸಿಲಲ್ಲಿ ತೆರೆದಿಟ್ಟ ಹಾಗೆ.

ಮತ್ತೆ ಹಗ್ಗ

2022ರ ಮಳೆಗೆ ಹಳ್ಳಿಯ ನಮ್ಮ ಹಳೇ ಬಾವಿಯ ತಳದಲ್ಲಿ, ಹಳೇ ಹಾಸಿಗೆ, ಒಡೆದ ಮಡಕೆ, ಪ್ಲಾಸ್ಟಿಕ್ ಚೀಲಗಳ ನಡುವೆ, ನೀರು ಕಾಣಿಸಿತು. ಅಪ್ಪ ಫೋನ್ ಮಾಡಿ ಹೇಳುವಾಗ ಅವರ ದನಿ ನಡುಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಆಳು ಹಿಡಿದು ಹೂಳು ತೆಗೆಸಿದೆವು. ಕೆಳಗಿನ ಸಾಲಿನ ಕಲ್ಲುಗಳು ಹಾಗೇ ಇದ್ದವು. ಮನೆಯ ಹೆಂಚಿನ ನೀರು, ಕೊಟ್ಟಿಗೆಯ ಶೀಟಿನ ನೀರು ಎಲ್ಲವನ್ನೂ ದಬ್ಬೆಯಲ್ಲಿ ತಂದು, ಜಲ್ಲಿ ಮರಳು ತುಂಬಿದ ಗುಂಡಿ ಹಾಯಿಸಿ ಬಾವಿಗೆ ಬಿಟ್ಟೆವು. ದೊಡ್ಡ ಕೆಲಸ ಏನಲ್ಲ. ಸಾವಿರ ಚದರ ಅಡಿ ಮಾಡಿನ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ 46 ಸಾವಿರ ಲೀಟರ್ ಆಗುತ್ತೆ. ನಾಲ್ಕು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 30 ಲೀಟರ್ ಅಂದರೂ ವರ್ಷಕ್ಕೆ 11 ಸಾವಿರ ಸಾಕು.

2023ರಲ್ಲಿ ಬರ ಬಂತು, ಬಾವಿ ಮತ್ತೆ ಬತ್ತಿತು. ಅಪ್ಪ ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಮುಂದಿನ ವರ್ಷ ಮಳೆ ಚೆನ್ನಾಗಿ ಆಯಿತು, ನೀರು ಮತ್ತೆ ಬಂತು. ಈಗ ಅವರು ಪ್ರತಿ ಅಮಾವಾಸ್ಯೆಗೆ ಹಗ್ಗ ಇಳಿಸಿ ಅಳೆಯುತ್ತಾರೆ. ಮಾರಿಗೊಂದು ಗಂಟು ಹಾಕಿದ ಹಗ್ಗ, ತುದಿಗೆ ಅಜ್ಜಿಯ ಕಾಲದ ತಾಮ್ರದ ಚೊಂಬು. ಚಿಕ್ಕಪ್ಪನೂ ಬರುತ್ತಾರೆ. ಒಬ್ಬರು ಇಳಿಸೋದು, ಒಬ್ಬರು ಎಣಿಸೋದು. ಅಳೆದದ್ದನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಆಮೇಲೆ ಇಬ್ಬರೂ ಕೂತು ಆ ತಿಂಗಳು ಯಾವ ತೋಟಕ್ಕೆ ಎಷ್ಟು ಗಂಟೆ ಮೋಟರ್ ಅಂತ ಮಾತಾಡಿಕೊಳ್ಳುತ್ತಾರೆ. ಖಾಲಿ ಇದ್ದ ಮುಕ್ಕಾಲು ಎಕರೆಗೆ ಅಡಿಕೆ ಸಸಿ ತರೋದು ಅಂತ ಇತ್ತು, ಅದನ್ನು ಬಿಟ್ಟು ಈ ಸಲ ಶೇಂಗಾ ಹಾಕಿದ್ದಾರೆ.

ಹೋದ ಅಮಾವಾಸ್ಯೆಯ ಸಂಜೆ ಅಪ್ಪನ ಫೋನ್ ಬಂದಾಗ ತಂಗಿಯೂ ಮಗನೂ ಮನೆಯಲ್ಲೇ ಇದ್ದರು. ಹುಡುಗ ಫೋನ್ ಕಿತ್ತುಕೊಂಡು ಸ್ಪೀಕರಿಗೆ ಹಾಕಿದ.

"ತಾತ, ಎಷ್ಟು?"

"ನಾಕೂವರೆ ಮಾರಿಗೆ ಐತೆ ಕಣಪ್ಪ. ಹೋದ್ ಸಲಕ್ಕಿಂತ ಅರ್ಧ ಮಾರು ಮೇಲೆ."

ಅವನು ಎರಡೂ ಕೈ ಚಾಚಿ ನೋಡಿಕೊಂಡ. "ನನ್ನ ಮಾರೋ, ನಿಮ್ಮ ಮಾರೋ ತಾತ?"